ಕುಂತಲ್ಲೇ ತಲೆ ತಿರುಗುವ ವಿಷಯ...

ಬ್ಲಾಗಿನ ಕಡೆ ಬಂದು ಬಹಳ ದಿನ ಆಯ್ತು. ದೀಪಾವಳಿ ಹೋಯ್ತು, ಸಂಕ್ರಾಂತಿನೂ ಹೋಯ್ತು, ನಡುವೆ ಆಫೀಸಿನಲ್ಲಿ ಎರಡು ರಿಲೀಸು... ನೆಪಕ್ಕೇನು ಬರ ಇಲ್ಲ ಬಿಡಿ. ಇವತ್ತು ಒಂದು ಗುಟ್ಟು ಹೇಳ್ತೀನಿ. ಹದಿನೈದು ವರ್ಷದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದು. (ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕೆ ಆಗದೇ ಎಷ್ಟೋ ಸಲ ಹೊರಗೆ ಬಂದಿದೆ ಅನ್ನೋದು ಬೇರೆ ಮಾತು :))

ವಿಷಯ ಏನಪ್ಪಾ ಅಂದ್ರೆ, ನನಗೆ ಫಸ್ಟ್ ಪರ್ಸನ್ ಗೇಮ್ ಆಡಿದ್ರೆ ತಲೆ ಸುತ್ತಿ ವಾಂತಿ ಬರುತ್ತೆ.

ಗೇಮ್ ಆಡದವರಿಗೆ ಒಂದು ಮಾತು. ಫಸ್ಟ್ ಪರ್ಸನ್ ಗೇಮ್ ಅಂದ್ರೆ ಪರದೆ ಮೇಲೆ ಹೀರೋ ಕಾಣಿಸೋದಿಲ್ಲ. ಅವನ ಎರಡು ಕೈ, ಕೈಯಲ್ಲೊಂದು ಬಂದೂಕು, ಅಷ್ಟೇ. ಅವನ ಕಣ್ಣೇ ನಮ್ಮ ಕಣ್ಣು. ಅವನು ಕತ್ತು ತಿರುಗಿಸಿದ್ರೆ ಇಡೀ ಜಗತ್ತು ಗಿರ್ರನೆ ತಿರುಗುತ್ತೆ. ಆಡೋಕೆ ಕೂತ ಹತ್ತು ನಿಮಿಷಕ್ಕೆ ನನಗೆ ಮೊದಲು ಆಕಳಿಕೆ ಶುರು. ಆಮೇಲೆ ಹಣೆ ಮೇಲೆ ತಣ್ಣನೆ ಬೆವರು. ಆಮೇಲೆ ಬಾಯಲ್ಲಿ ನೀರು. ಆಮೇಲಿಂದು ಬರೆಯೋದು ಬೇಡ, ನೀವು ಊಟ ಮಾಡ್ತಾ ಓದ್ತಿರಬಹುದು.

ಕಂಪ್ಯೂಟರಿನಿಂದಲೇ ಹೊಟ್ಟೆ ಹೊರೆಯೋ ಇಪ್ಪತ್ತೆಂಟು ವರ್ಷದ ಇಂಜಿನಿಯರಿಗೆ ಕಂಪ್ಯೂಟರ್ ನೋಡಿದ್ರೆ ವಾಂತಿ ಬರುತ್ತೆ ಅಂದ್ರೆ, ಅಂಬಿಗನಿಗೆ ನೀರು ಕಂಡ್ರೆ ಹೆದರಿಕೆ ಅಂದ ಹಾಗೆ. ಅದಕ್ಕೇ ಯಾರಿಗೂ ಹೇಳಿರಲಿಲ್ಲ. ಹೇಳದೇ ಇದ್ದದ್ದು ಎಷ್ಟು ದೊಡ್ಡ ತಪ್ಪು ಅಂತ ಈ ದೀಪಾವಳಿಗೆ ಗೊತ್ತಾಯ್ತು. ಮೊದಲಿಂದ ಹೇಳ್ತೀನಿ.

ನಮ್ಮೂರು ಮೂಡಲಗಿ. ಈಗ ಅದೇ ಒಂದು ತಾಲೂಕು, ನಾನು ಸಣ್ಣವನಿದ್ದಾಗ ಗೋಕಾಕ ತಾಲೂಕಿಗೆ ಸೇರಿತ್ತು. ಆಯಿ, ಅಂದ್ರೆ ನಮ್ಮವ್ವನ ಅವ್ವ, ಇದ್ದದ್ದು ಹುಕ್ಕೇರಿಯಲ್ಲಿ. ಸೂಟಿ ಬಿಟ್ರೆ ಸಾಕು, ಮೂಡಲಗಿಯಿಂದ ಗೋಕಾಕಕ್ಕೆ ಒಂದು ಬಸ್ಸು, ಗೋಕಾಕದಿಂದ ಹುಕ್ಕೇರಿಗೆ ಇನ್ನೊಂದು. ಮೊದಲನೇ ಬಸ್ಸಿನಲ್ಲಿ ಕಲ್ಲೋಳಿ ದಾಟೋದರೊಳಗೆ ನನ್ನ ಮುಖ ಬಿಳಿಚಿಕೊಳ್ಳೋದು. ಅವ್ವನ ಕೈಚೀಲದಲ್ಲಿ ಏನಿರಲಿ ಬಿಡಲಿ, ಒಂದು ಲಿಂಬಿಹಣ್ಣು, ಎರಡು ಪ್ಲಾಸ್ಟಿಕ್ ಚೀಲ, ಅರ್ಧ ಅವೋಮಿನ್ ಗುಳಿಗೆ ಇರಲೇಬೇಕು. ಗುಳಿಗೆ ನುಂಗಿದ್ರೆ ನಿದ್ದೆ, ನುಂಗದಿದ್ರೆ ಚೀಲ. ಕಬ್ಬಿನ ಸೀಜನ್ ಇದ್ರಂತೂ ಮುಗೀತು. ಮುಂದೊಂದು ಕಬ್ಬು ಹೇರಿದ ಟ್ರ್ಯಾಕ್ಟರು, ಅದರ ಹಿಂದೆ ಎರಡೆರಡು ಟ್ರೇಲಿ, ಬಸ್ಸು ಬ್ರೇಕ್ ಹಾಕೋದು, ಬಿಡೋದು, ಹಾಕೋದು, ಬಿಡೋದು...

ಇದರಲ್ಲಿ ನಾಚಿಕೆ ಪಡೋದೇನಿದೆ, ಎಷ್ಟೋ ಮಕ್ಕಳಿಗೆ ಹಂಗಾಗುತ್ತೆ ಅಂತೀರಾ? ಇದೆ. ನಮ್ಮಪ್ಪ ಸರಕಾರಿ ಬಸ್ಸಿನ ಡ್ರೈವರ್.

"ಡ್ರೈವರನ ಮಗ ಬಸ್ಸಿನ್ಯಾಗ ಕಾರ್ಕೋತಾನಂತ!" ಅಂತ ಅಪ್ಪನ ಜೊತೆಗಿನ ಕಂಡಕ್ಟರ್ ಮಾಮಾಗಳೆಲ್ಲ ನಗೋರು. ಅಪ್ಪನೂ ನಗ್ತಿದ್ದ. ಆದ್ರೆ ಮನೆಗೆ ಬಂದ ಮೇಲೆ ಗಂಭೀರವಾಗಿ ಹೇಳ್ತಿದ್ದ: "ಮನಸು ಗಟ್ಟಿ ಇರಬೇಕ ಲೇ. ನಾ ಹದಿನೆಂಟ ವರ್ಷ ಗಾಡಿ ಹೊಡದೇನಿ, ಒಂದ ದಿನ ಚಕ್ಕರ್ ಬಂತು ಅಂದಿಲ್ಲ." ಹಾಗಾಗಿ ನನ್ನ ತಲೆಯಲ್ಲಿ ಕೂತಿದ್ದು ಇಷ್ಟೇ: ಚಕ್ಕರ್ ಬರೋದು ಮನಸ್ಸು ಗಟ್ಟಿ ಇಲ್ಲದವರಿಗೆ.

ಒಂದೇ ಒಂದು ಸಲ ಬೇರೆ ಥರ ಆಯ್ತು. ಆ ದಿನ ಹುಕ್ಕೇರಿ ಗಾಡಿಗೆ ಅಪ್ಪನದೇ ಡ್ಯೂಟಿ. ಗೋಕಾಕ ಸ್ಟ್ಯಾಂಡಿನಲ್ಲಿ ನನ್ನ ಮುಖ ನೋಡಿದವನೇ ಎತ್ತಿ ತನ್ನ ಪಕ್ಕದ ಎಂಜಿನ್ ಬಾನೆಟ್ ಮೇಲೆ ಟಾವೆಲ್ ಹಾಸಿ ಕೂರಿಸಿದ. ಕೆಳಗಿಂದ ಬಿಸಿ, ಕಿವಿ ಕಿತ್ತುಹೋಗೋ ಸದ್ದು. "ನನ್ನ ನೋಡಬ್ಯಾಡ, ರೋಡ್ ನೋಡು. ತಿರುವು ಬರೂಕ್ಕಿಂತ ಮೊದ್ಲ ನೀನೂ ಮೈ ತಿರುವಬೇಕು, ನಾ ಮಾಡಿದಂಗ" ಅಂದ. ಇಲ್ಲದ ಸ್ಟೇರಿಂಗು ಹಿಡಿದು ನಾನೂ ತಿರುಗಿಸ್ತಾ ಹೋದೆ. ಹುಕ್ಕೇರಿ ಬಂತು. ಚೀಲ ಖಾಲಿ! ಅವ್ವ ಇಳಿದವಳೇ ದೃಷ್ಟಿ ತೆಗೆದಳು. ನಾನು ಅದನ್ನ ಬಾನೆಟ್ಟಿನ ಪವಾಡ ಅಂತಲೇ ಬಹಳ ವರ್ಷ ನಂಬಿದ್ದೆ.

ಹೈಸ್ಕೂಲಿಗೆ ಗೋಕಾಕಕ್ಕೆ ದಿನಾ ಬಸ್ಸಿನಲ್ಲಿ ಓಡಾಡಿ ಓಡಾಡಿ ಈ ಕಾಟ ತಾನಾಗೇ ಕಡಿಮೆ ಆಯ್ತು. ರೂಢಿ ಆದ್ರೆ ಮೈ ಹೊಂದಿಕೊಳ್ಳುತ್ತೆ. ಗಂಡಸಾದೆ ಅಂದುಕೊಂಡೆ. ಅಷ್ಟೊತ್ತಿಗೆ ಬಂತು ನೋಡಿ ಐಜಿಐ.

2010ರ ಮಾತು. ಗೋಕಾಕದಲ್ಲಿ ನಮ್ಮ ಶಾಲೆ ಹತ್ರ ಒಂದು ಸೈಬರ್ ಕೆಫೆ. ಗಂಟೆಗೆ ಹದಿನೈದು ರೂಪಾಯಿ. ಹೆಸರಿಗೆ ಇಂಟರ್ನೆಟ್ಟು, ನಡೀತಿದ್ದದ್ದು ಗೇಮ್. 'ಪ್ರಾಜೆಕ್ಟ್ ಐಜಿಐ' ನಾರ್ವೆಯ ಇನ್ನರ್‌ಲೂಪ್ ಅನ್ನೋ ಕಂಪನಿ ಮಾಡಿದ್ದು, 2000ದಲ್ಲಿ ಬಂದದ್ದು. ನಮ್ಮೂರ ಕಡೆ ಹತ್ತು ವರ್ಷ ಆದ್ರೂ ಅದರ ಹವಾ ಇಳಿದಿರಲಿಲ್ಲ. ನಮ್ಮ ವಯಸ್ಸಿನವರಿಗೆ ಬಿಡಿಸಿ ಹೇಳೋದು ಬೇಕಿಲ್ಲ: ಒಬ್ಬನೇ ಹೀರೋ, ಬೇಲಿ ಹಾರಿ ಶತ್ರುಗಳ ಕ್ಯಾಂಪಿಗೆ ನುಗ್ಗೋದು, ಸೈರನ್ನು ಹೊಡ್ಕೊಳ್ಳೋದು. ಅದರಲ್ಲೊಂದು ದೊಡ್ಡ ಸಂಕಟ ಅಂದ್ರೆ ಮಿಷನ್ ಮಧ್ಯೆ ಸೇವ್ ಮಾಡೋ ಹಾಗಿಲ್ಲ. ಸತ್ರೆ ಮೊದಲಿಂದ. ನನಗೆ ಸಾಯೋ ಭಾಗ್ಯವೂ ಇರಲಿಲ್ಲ, ಗುಂಡು ಬೀಳೋಕೆ ಮುಂಚೆ ಬಾಯಲ್ಲಿ ನೀರು ಬರ್ತಿತ್ತು. ಕಾವಲು ಗೋಪುರದ ಏಣಿ ಹತ್ತಿ ಮೇಲಿಂದ ಸುತ್ತ ನೋಡೋ ಹೊತ್ತಿಗೆ ಕುರ್ಚಿ ಸಮೇತ ನಾನೇ ಬೀಳ್ತಿದ್ದೀನಿ ಅನ್ನಿಸೋದು. ಎದ್ದು ಹೊರಗೆ ಹೋಗಿ ಚರಂಡಿ ಪಕ್ಕ ನಿಂತ್ರೆ ಒಳಗಿಂದ ಗೆಳೆಯರ ನಗು.

ವಿಚಿತ್ರ ಅಂದ್ರೆ ಅದೇ ಕೆಫೆಯಲ್ಲಿ 'ವೈಸ್ ಸಿಟಿ' ಆಡಿದ್ರೆ ಏನೂ ಆಗ್ತಿರಲಿಲ್ಲ. ಅಲ್ಲಿ ಹೀರೋನ ಬೆನ್ನು ನಮಗೆ ಕಾಣುತ್ತೆ, ಅವನು ಪರದೆ ನಡುವೆ ಗಟ್ಟಿಯಾಗಿ ನಿಂತಿರ್ತಾನೆ. ಯಾಕೆ ಹೀಗೆ ಅಂತ ಆಗ ಯೋಚಿಸಲಿಲ್ಲ. ಒಂದು ಆಟ ಆಗುತ್ತೆ, ಒಂದು ಆಗಲ್ಲ, ಅಷ್ಟೇ.

ಬೆಳಗಾವಿಗೆ ಇಂಜಿನಿಯರಿಂಗಿಗೆ ಹೋದೆ, 2015ರಲ್ಲಿ. ಹಾಸ್ಟೆಲಿನಲ್ಲಿ ರಾತ್ರಿಯೆಲ್ಲ ಕೌಂಟರ್ ಸ್ಟ್ರೈಕ್. ರೂಮಿಂದ ರೂಮಿಗೆ ಲ್ಯಾನ್ ಕೇಬಲ್ಲು. ಆಡು ಅಂದ್ರೆ "ನಂದು ಓದೋದೈತಿ" ಅಂತಿದ್ದೆ. ಹೆಸರೇ 'ಪಂಡಿತ' ಅಂತ ಬಿತ್ತು. ಆಡದಿದ್ರೆ ಗುಂಪಿನಲ್ಲಿ ಜಾಗ ಬೇಕಲ್ಲ? ಕೇಬಲ್ ಕ್ರಿಂಪ್ ಮಾಡೋದು, ಸರ್ವರ್ ಏರಿಸೋದು, ಯಾರದು ಲ್ಯಾಗ್ ಆಗ್ತಿದೆ ನೋಡೋದು, ಇದೆಲ್ಲ ನನ್ನ ಕೆಲಸ ಆಯ್ತು. ಪರದೆ ಕಡೆ ಬೆನ್ನು ಮಾಡಿ ಸ್ವಿಚ್ಚಿನ ಮುಂದೆ ಕೂತಿರ್ತಿದ್ದೆ. ನಗಬೇಡಿ, ಇವತ್ತು ಬೆಂಗಳೂರಿನಲ್ಲಿ ನನ್ನ ಅನ್ನ ಬರ್ತಿರೋದು ಆ ಸರ್ವರ್ ವಿದ್ಯೆಯಿಂದಲೇ. ವಾಂತಿಯಿಂದ ಉದ್ಯೋಗ ಸಿಕ್ಕ ಮೊದಲನೆಯವನು ನಾನೇ ಇರಬೇಕು!

ಮೂರು ವರ್ಷದ ಹಿಂದೆ ಆಫೀಸಿಗೆ ಯಾರೋ ವಿಆರ್ ಹೆಡ್‌ಸೆಟ್ ತಂದಿದ್ರು. ಎಲ್ಲರೂ ಸರದಿಯಲ್ಲಿ ಹಾಕ್ಕೊಂಡು ರೋಲರ್ ಕೋಸ್ಟರ್ ನೋಡಿ ಕಿರುಚ್ತಿದ್ರು. ಟೀಮ್ ಮುಂದೆ ಬೇಡ ಅನ್ನೋಕೆ ಆಗಲಿಲ್ಲ. ಒಂದು ನಿಮಿಷ ಕೂಡ ತಡೀಲಿಲ್ಲ. ಇಡೀ ಮಧ್ಯಾಹ್ನ ಮೀಟಿಂಗ್ ರೂಮಿನಲ್ಲಿ ಲೈಟ್ ಆರಿಸಿ ಮಲಗಿದೆ. "ಬೆಳಗ್ಗಿನ ದೋಸೆ ಕೆಟ್ಟಿತ್ತು" ಅಂತ ಸುಳ್ಳು ಹೇಳಿದೆ. ಪಾಪ, ದೋಸೆ. ಅವತ್ತು ರಾತ್ರಿ ಕೂತು, ಇದೇನು ನನಗೊಬ್ಬನಿಗೇನಾ ಅಂತ ಹುಡುಕೋಕೆ ಶುರು ಮಾಡಿದೆ.

ಒಬ್ಬನಿಗಲ್ಲ. ಈ ಥರದ ಆಟಗಳನ್ನ ಮನೆಮಾತು ಮಾಡಿದ್ದು 1992ರ ವೂಲ್ಫೆನ್‌ಸ್ಟೈನ್ 3ಡಿ, 1993ರ ಡೂಮ್. ಅವುಗಳ ಕಾಲದಿಂದಲೂ ಜನ ಇದೇ ಗೋಳು ಹೇಳ್ತಾ ಬಂದಿದ್ದಾರೆ. ಅದಕ್ಕೂ ಹಿಂದೆ, 1957-58ರಲ್ಲೇ ಅಮೆರಿಕದಲ್ಲಿ ಹೆಲಿಕಾಪ್ಟರ್ ಕಲಿಸೋ ಸಿಮ್ಯುಲೇಟರ್ ಮಾಡಿದ್ರು. ಯಂತ್ರ ನೆಲದ ಮೇಲೇ ಇರ್ತಿತ್ತು, ಎದುರಿನ ಚಿತ್ರ ಓಡ್ತಿತ್ತು. ಕೂತ ಪೈಲಟ್‌ಗಳಿಗೆ ತಲೆ ಸುತ್ತು, ವಾಕರಿಕೆ. ಅದರಲ್ಲೂ ಹೊಸ ಹುಡುಗರಿಗಿಂತ ಪಳಗಿದ ಪೈಲಟ್‌ಗಳಿಗೇ ಜಾಸ್ತಿ! ಯಾಕಂದ್ರೆ ನಿಜವಾದ ಹೆಲಿಕಾಪ್ಟರ್ ತಿರುಗಿದ್ರೆ ಮೈಗೆ ಹೇಗಾಗಬೇಕು ಅಂತ ಅವರಿಗೆ ಗೊತ್ತು. ಆ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಕಾರಣ ಇರೋದು ಕಿವಿಯಲ್ಲಿ. ಕಿವಿ ಬರೀ ಕೇಳೋಕೆ ಇರೋದಲ್ಲ. ಒಳಕಿವಿಯಲ್ಲಿ ಮೂರು ಬಾಗಿದ ಕೊಳವೆಗಳಿವೆ, ಅದರೊಳಗೆ ದ್ರವ. ತಲೆ ತಿರುಗಿಸಿದಾಗ ಕೊಳವೆ ತಿರುಗುತ್ತೆ, ದ್ರವ ಸ್ವಲ್ಪ ಹಿಂದೆ ಉಳಿಯುತ್ತೆ. ಕೊಡ ತಿರುಗಿಸಿದ್ರೆ ನೀರು ತಕ್ಷಣ ತಿರುಗಲ್ಲವಲ್ಲ, ಹಾಗೆ. ಆ ಎಳೆತದಿಂದ ಮೆದುಳಿಗೆ ಸುದ್ದಿ ಹೋಗುತ್ತೆ. ಪಕ್ಕದಲ್ಲೇ ಎರಡು ಪುಟ್ಟ ಚೀಲ, ಅದರಲ್ಲಿ ಸುಣ್ಣದ ಸಣ್ಣ ಸಣ್ಣ ಹರಳು. ನಾವು ಮುಂದೆ ಹೋದ್ವಾ, ಮೇಲೆ ಹೋದ್ವಾ, ತಲೆ ವಾಲಿದೆಯಾ ಅನ್ನೋದನ್ನ ಆ ಹರಳುಗಳ ಭಾರ ಹೇಳುತ್ತೆ.

ಈಗ ಬಸ್ಸಿಗೆ ಬನ್ನಿ. ಕಿವಿ "ಹೊಂಟೀವಿ" ಅನ್ನುತ್ತೆ. ಮುಂದಿನ ಸೀಟಿನ ಬೆನ್ನು ನೋಡ್ತಿರೋ ಕಣ್ಣು "ಇಲ್ಲೇ ಕುಂತೀವಲ್ಲ" ಅನ್ನುತ್ತೆ. ಗೇಮಿನಲ್ಲಿ ಇದರ ಉಲ್ಟಾ. ಕಣ್ಣು "ಓಡಾಕತ್ತೀವಿ" ಅನ್ನುತ್ತೆ, ಕಿವಿ "ಎಲ್ಲಿ ಓಡತಿ, ಕುರ್ಚಿ ಮ್ಯಾಲ ಅದಿ" ಅನ್ನುತ್ತೆ. ಇಬ್ಬರ ಜಗಳದಲ್ಲಿ ಹೊಟ್ಟೆ ಬಡವಾಯ್ತು. ಜೇಮ್ಸ್ ರೀಸನ್ ಮತ್ತು ಬ್ರ್ಯಾಂಡ್ ಅನ್ನೋರು 1975ರ ತಮ್ಮ ಪುಸ್ತಕದಲ್ಲಿ ಈ ಜಗಳದ ವಾದವನ್ನ ವಿವರವಾಗಿ ಕಟ್ಟಿದ್ರು. ಜಗಳಕ್ಕೂ ವಾಂತಿಗೂ ಏನು ಸಂಬಂಧ? 1977ರಲ್ಲಿ ಟ್ರೈಸ್‌ಮನ್ ಅನ್ನೋರು ಒಂದು ಊಹೆ ಮುಂದಿಟ್ರು: ಕಣ್ಣು ಕಿವಿ ತಾಳೆ ಆಗದಿದ್ರೆ, ಏನೋ ವಿಷ ತಿಂದಿದೀವಿ ಅಂತ ಮೆದುಳು ತಿಳಿದು ಹೊಟ್ಟೆ ಖಾಲಿ ಮಾಡಿಸುತ್ತೆ ಅಂತ. ಎಲ್ಲರೂ ಒಪ್ಪಿದ ಮಾತಲ್ಲ, ಆದ್ರೆ ನನಗೆ ಇಷ್ಟ ಆಯ್ತು. ನನ್ನ ಮೆದುಳು ಹೇಡಿ ಅಲ್ಲ, ಕಾಳಜಿ ಜಾಸ್ತಿ ಅಷ್ಟೇ!

ಇನ್ನೊಂದು ಸಂಗತಿ ಓದಿ ಆ ರಾತ್ರಿ ನಿದ್ದೆಯೇ ಬರಲಿಲ್ಲ. 1950ರ ದಶಕದ ಕೊನೆಯಿಂದ ಅಮೆರಿಕದ ನೌಕಾಪಡೆ ಮತ್ತು ನಾಸಾದವರು ವಾಷಿಂಗ್ಟನ್ನಿನ ಗ್ಯಾಲಡೆಟ್ ಕಾಲೇಜಿನ ಹನ್ನೊಂದು ಜನ ಕಿವುಡರನ್ನ ಕರೆದು ಪರೀಕ್ಷೆ ಮಾಡಿದ್ರು. ಅವರ ಒಳಕಿವಿಯ ಈ ಭಾಗ ಕೆಲಸ ಮಾಡ್ತಿರಲಿಲ್ಲ, ಬಹುತೇಕರಿಗೆ ಕಾರಣ ಚಿಕ್ಕಂದಿನ ಮೆದುಳುಜ್ವರ. ಅವರನ್ನ ಕೆನಡಾದ ನೋವಾ ಸ್ಕೋಶಿಯಾ ಹತ್ರ ಹುಚ್ಚೆದ್ದ ಸಮುದ್ರದಲ್ಲಿ ಹಡಗಿನಲ್ಲಿ ಕರೆದೊಯ್ದರೆ, ಅವರು ಆರಾಮಾಗಿ ಇಸ್ಪೀಟು ಆಡ್ತಾ ಕೂತಿದ್ರಂತೆ. ಪರೀಕ್ಷೆ ಮಾಡೋಕೆ ಬಂದ ವಿಜ್ಞಾನಿಗಳೇ ಮಲಗಿಬಿಟ್ರಂತೆ! ಅಂದ್ರೆ ಚಕ್ಕರ್ ಬರೋಕೆ ಕಿವಿ ಸರಿ ಇರಬೇಕು. ಮನಸ್ಸು ಗಟ್ಟಿ ಇರೋದು ಬಿಡೋದು ಇದರಲ್ಲಿಲ್ಲ.

ಇದನ್ನೆಲ್ಲ ಓದುವಾಗ ಗೋಕಾಕ ಫಾಲ್ಸ್ ನೆನಪಾಯ್ತು. ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವ ಜಾಗ, ಪಕ್ಕದಲ್ಲೇ 1880ರ ದಶಕದ ಗಿರಣಿ, ಮೇಲೊಂದು ತೂಗುಸೇತುವೆ, ಸುಮಾರು 200 ಮೀಟರ್ ಉದ್ದ. ಸಣ್ಣವನಿದ್ದಾಗ ಮಳೆಗಾಲದಲ್ಲಿ ಆ ಸೇತುವೆ ಮೇಲೆ ಅಪ್ಪನ ಬೆರಳು ಹಿಡಿದು ನಡೆದಿದ್ದೆ. ಕೆಳಗೆ ಕೆಂಪು ನೀರು, ಕಾಲ ಕೆಳಗೆ ಸೇತುವೆ ತೊಯ್ದಾಡೋದು. ಅವ್ವ ಕಣ್ಣು ಮುಚ್ಚಿ ಕಂಬಿ ಹಿಡಿದು ನಿಂತುಬಿಟ್ಟಿದ್ಲು. ನನಗೆ ಏನೂ ಆಗಲಿಲ್ಲ! ಯಾಕಂದ್ರೆ ಅಲ್ಲಿ ಕಣ್ಣು ಕಂಡಿದ್ದನ್ನೇ ಕಿವಿಯೂ ಹೇಳ್ತಿತ್ತು. ಇನ್ನೊಂದು ಮಜಾ ಇದೆ, ಮಾಡಿ ನೋಡಿ. ಬೀಳೋ ನೀರನ್ನೇ ಒಂದು ನಿಮಿಷ ದಿಟ್ಟಿಸಿ ಆಮೇಲೆ ಪಕ್ಕದ ಬಂಡೆ ನೋಡಿದ್ರೆ ಬಂಡೆ ಮೇಲಕ್ಕೆ ಏರಿದಂಗೆ ಕಾಣುತ್ತೆ. ನಾವು ಅದನ್ನ 'ಬಂಡಿ ಹಾರೂದು' ಅಂತಿದ್ವಿ. ಇದನ್ನ 1834ರಲ್ಲಿ ರಾಬರ್ಟ್ ಆಡಮ್ಸ್ ಅನ್ನೋ ವಿದ್ವಾಂಸ ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದ ಮುಂದೆ ನಿಂತು ನೋಡಿ ಬರೆದಿಟ್ಟಿದ್ದಾನೆ. ಕಣ್ಣನ್ನ ಮೋಸಗೊಳಿಸೋದು ಅಷ್ಟು ಸುಲಭ.

ಸರಿ, ಈಗ ಈ ದೀಪಾವಳಿಗೆ ಬರೋಣ.

ನನಗೊಬ್ಬ ತಮ್ಮ, ಏಳು ವರ್ಷ ಸಣ್ಣವನು. ಅವನೂ ಬೆಳಗಾವಿಯಲ್ಲಿ ಇಂಜಿನಿಯರಿಂಗು, ಕೊನೆ ವರ್ಷ. ನಮ್ಮಿಬ್ಬರ ನಡುವೆ ಮಾತು ಕಡಿಮೆ. ಅವನು ಕರೀತಿದ್ದದ್ದು ಆಟಕ್ಕೆ ಮಾತ್ರ, ನಾನು ಪ್ರತಿ ಸಲ "ಕೆಲಸ ಐತಿ" ಅಂತಿದ್ದೆ. ಮೂರ್ನಾಲ್ಕು ವರ್ಷಕ್ಕೆ ಕರೆಯೋದೇ ಬಿಟ್ಟ. ಈ ಸಲ ಊರಿಗೆ ಹೋದಾಗ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದು "ಅಣ್ಣಾ, ಪ್ರಾಜೆಕ್ಟ್ ಮಾಡೇನಿ, ಒಂದೀಟ ನೋಡ್ತಿ?" ಅಂದ. ನೋಡಿದ್ರೆ ಗೋಕಾಕ ಫಾಲ್ಸು! ಗಿರಣಿ, ಬಂಡೆ, ಕೆಂಪು ನೀರು, ತೂಗುಸೇತುವೆ. ಈ ತುದಿಯಿಂದ ಆ ತುದಿಗೆ ನಡೀಬೇಕು, ಅಷ್ಟೇ ಆಟ. ಫಸ್ಟ್ ಪರ್ಸನ್. ನಡೆದಂಗೆ ಕಾಣಲಿ ಅಂತ ಹೆಜ್ಜೆ ಹೆಜ್ಜೆಗೂ ಕ್ಯಾಮೆರಾ ಮೇಲೆ ಕೆಳಗೆ ಕುಣಿಯೋ ಹಾಗೆ ಮಾಡಿದ್ದ. ಅದರ ಮೇಲೆ ಸೇತುವೆ ಬೇರೆ ತೂಗಾಟ.

ಈ ಸಲ ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಮೌಸ್ ಹಿಡಿದೆ. ಅಪ್ಪ ಹಿಂದೆ ಬಂದು ನಿಂತು ನೋಡ್ತಿದ್ದ. ಕಾಲು ಭಾಗ ದಾಟಿದೆ. ಆಕಳಿಕೆ. ಅರ್ಧ. ಬೆವರು. ಮುಂದೆ ಆಗಲಿಲ್ಲ, ಎದ್ದು ಬಚ್ಚಲಿಗೆ ಓಡಿದೆ. ತಮ್ಮ ಹಿಂದಿನಿಂದ "ಏನಾತೋ ಅಣ್ಣಾ?" ಅಂತ ಕೂಗ್ತಾ ಬಂದ. ಮುಖ ತೊಳೆದು ಹೊರಗೆ ಬಂದವನು ನೋಡಿದ್ದು ಬೇರೇನೇ. ಅಪ್ಪ ಬಾಗಿಲ ಚೌಕಟ್ಟು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ನಿಂತಿದ್ದ. ಹಣೆ ಮೇಲೆ ಬೆವರು.

"ಏನಿಲ್ಲ, ಬಿಸಲಾಗ ಅಡ್ಡಾಡಿದ್ನೆಲ್ಲ ಅದಕ" ಅಂದ. ಸಂಜೆ ಏಳು ಗಂಟೆ ಆಗಿತ್ತು.

ಊಟ ಆದ ಮೇಲೆ ಹೊರಗಿನ ಕಟ್ಟೆ ಮೇಲೆ ಕೂತಿದ್ವಿ. ನಾನೇ ಶುರು ಮಾಡಿದೆ. ಐಜಿಐ, ಹಾಸ್ಟೆಲು, ದೋಸೆ ಸುಳ್ಳು ಎಲ್ಲ ಹೇಳಿದೆ. ಅಪ್ಪನ ಮುಂದೆ ಇದನ್ನ ಹೇಳ್ತಿರೋದು ಜೀವನದಲ್ಲಿ ಮೊದಲ ಸಲ. ಕಣ್ಣು ಕಿವಿ ಜಗಳ, ಇಸ್ಪೀಟು ಆಡಿದ ಕಿವುಡರು, ಪಳಗಿದ ಪೈಲಟ್‌ಗಳಿಗೇ ಜಾಸ್ತಿ ಆಗಿದ್ದು, ಎಲ್ಲ. ತಮ್ಮ ಬಾಯಿ ಬಿಟ್ಕೊಂಡು ಕೇಳ್ತಿದ್ದ. ಅಪ್ಪ ಎಲೆ ಅಡಿಕೆ ಹಾಕ್ಕೊಳ್ಳೋದು ಬಿಟ್ಟು ಸುಮ್ಮನೆ ಕೂತಿದ್ದ. ಬಹಳ ಹೊತ್ತಾದ ಮೇಲೆ ಅಂದ:

"ನಂದು ಸೊಂಟ ನೋವಲ್ಲೋ."

ಅರ್ಥ ಆಗಲಿಲ್ಲ.

ಅಪ್ಪ 2022ರಲ್ಲಿ ರಿಟೈರ್ ಆದ. ಅದಕ್ಕೂ ಮೂರು ವರ್ಷ ಮುಂಚೆ, 2019ರಲ್ಲಿ, ನನಗೆ ಕೆಲಸ ಸಿಕ್ಕ ವರ್ಷವೇ, ಗಾಡಿ ಬಿಟ್ಟು ಡಿಪೋದಲ್ಲಿ ಕೂರೋ ಕೆಲಸ ಕೇಳಿ ಇಸ್ಕೊಂಡಿದ್ದ. ಸೊಂಟ ಕೇಳವಲ್ದು ಅಂತ ಮನೆಯಲ್ಲೂ ಹೇಳಿದ್ದ, ಡಿಪೋದಲ್ಲೂ ಹೇಳಿದ್ದ. ನಿಜ ಏನಂದ್ರೆ ಒಂದು ಬೆಳಗ್ಗೆ ಹಾಸಿಗೆಯಲ್ಲಿ ಮಗ್ಗಲು ಬದಲಿಸಿದಾಗ ಜಂತಿ, ಗೋಡೆ, ಫ್ಯಾನು ಎಲ್ಲ ಗರಗರ ತಿರುಗಿದ್ವಂತೆ. ಅರ್ಧ ನಿಮಿಷ. ಆಮೇಲೆ ಏನೂ ಇಲ್ಲ. ಮರುದಿನ ಮತ್ತೆ. ಬರೋದು, ಹೋಗೋದು.

"ಗಾಡಿಯೊಳಗ ಒಮ್ಮೆನೂ ಬಂದಿದ್ದಿಲ್ಲ. ಆದ್ರ ಬಂದ್ರ? ಹಿಂದ ಅರವತ್ತ ಮಂದಿ ಕುಂತಿರ್ತಾರ. ಕೈ ನಡಗಾಕತ್ತಿದ್ವು. ಬಿಟ್ಟೆ."

"ಮತ್ತ ಹೇಳಬೇಕಿಲ್ಲ ಅಪ್ಪಾ? ಡಾಕ್ಟರಿಗಾದ್ರೂ..."

"ಡ್ರೈವರಗ ಚಕ್ಕರ್ ಬರ್ತೈತಿ ಅಂದ್ರ ಮಂದಿ ಏನಂತಾರ? ಕುಡದಾನ ಅಂತಾರ. ಮತ್ತ ನಿಮಗೆಲ್ಲಾ ಏನಂತ ಹೇಳ್ಲಿ? ಮನಸು ಗಟ್ಟಿ ಇರಬೇಕು ಅಂತ ಹೇಳಿದಾಂವ ನಾನ ಅಲ್ಲಾ?"

ಒಳಗೆ ಅವ್ವ ಪಾತ್ರೆ ತೊಳೆಯೋ ಸದ್ದು ನಿಂತಿತ್ತು. ಅವಳೂ ಕೇಳಿಸಿಕೊಳ್ತಿದ್ಲು ಅಂತ ಕಾಣುತ್ತೆ.

ಹಬ್ಬ ಮುಗಿಸಿ ಬೆಂಗಳೂರಿಗೆ ಬರೋ ಬದಲು ರಜೆ ಎರಡು ದಿನ ಮುಂದೂಡಿ ಅಪ್ಪನ್ನ ಬೆಳಗಾವಿಗೆ ಕಿವಿ ಡಾಕ್ಟರ ಹತ್ರ ಕರ್ಕೊಂಡು ಹೋದೆ. ಡಾಕ್ಟರು ಎಲ್ಲ ಕೇಳಿ, ಅಪ್ಪನ ಕತ್ತು ಒಂದು ಕಡೆ ತಿರುಗಿಸಿ ಥಟ್ಟನೆ ಹಿಂದಕ್ಕೆ ಮಲಗಿಸಿದ್ರು. ಅಪ್ಪನ ಕಣ್ಣುಗುಡ್ಡೆ ತಾನಾಗೇ ಹೊಯ್ದಾಡೋಕೆ ಶುರು ಆಯ್ತು. ನಾನು ಹೆದರಿಬಿಟ್ಟೆ. ಅವರು ನಕ್ಕು "ಇದೇ ಬೇಕಾಗಿತ್ತು" ಅಂದ್ರು. ಮೊದಲೇ ಹೇಳಿದ್ನಲ್ಲ, ಸುಣ್ಣದ ಹರಳು ಅಂತ. ವಯಸ್ಸಾದಂಗೆ ಅವು ಕೆಲವೊಮ್ಮೆ ಚೀಲದಿಂದ ಕಳಚಿ ಪಕ್ಕದ ಕೊಳವೆಗೆ ಬೀಳ್ತವೆ. ಆಮೇಲೆ ಮಲಗಿ ಎದ್ದು ಮಾಡಿದಾಗೆಲ್ಲ ಅಲ್ಲಿ ಉರುಳಾಡಿ, ತಿರುಗದೇ ಇದ್ರೂ ತಿರುಗ್ತಿದೀವಿ ಅಂತ ಸುಳ್ಳು ಸುದ್ದಿ ಕಳಿಸ್ತವೆ. ಇದಕ್ಕೆ ಬಿಪಿಪಿವಿ ಅಂತ ಹೆಸರು. ಔಷಧಿಗಿಂತ, ತಲೆಯನ್ನ ಒಂದು ಕ್ರಮದಲ್ಲಿ ಹೊರಳಿಸಿ ಹರಳನ್ನ ವಾಪಸ್ ಸ್ವಸ್ಥಾನಕ್ಕೆ ಉರುಳಿಸೋದೇ ಚಿಕಿತ್ಸೆ. ಜಾನ್ ಎಪ್ಲಿ ಅನ್ನೋ ಅಮೆರಿಕದ ಡಾಕ್ಟರು ಕಂಡುಹಿಡಿದದ್ದು, 1992ರಲ್ಲಿ ಪ್ರಕಟಿಸಿದ್ರು. ಆ ವೂಲ್ಫೆನ್‌ಸ್ಟೈನ್ ಬಂದ ವರ್ಷವೇ!

ಹದಿನೈದು ನಿಮಿಷದ ಕೆಲಸ. ಮುಂದಿನ ವಾರ ತಮ್ಮ ಇನ್ನೊಂದು ಸಲ ಕರ್ಕೊಂಡು ಹೋಗಿ ಬಂದ. ಮತ್ತೆ ಬರಬಹುದು, ಬಂದ್ರೆ ಮತ್ತೆ ಬನ್ನಿ ಅಂದಿದ್ದಾರೆ. ಒಮ್ಮೆ ಕಿವಿ ಕೈಕೊಟ್ಟವರು ಕಣ್ಣನ್ನೇ ಹೆಚ್ಚು ನಂಬಿಕೊಳ್ತಾರೆ, ಹಂಗಾಗಿ ಕಣ್ಣ ಮುಂದೆ ಏನಾದ್ರೂ ಹೊಯ್ದಾಡಿದ್ರೆ ಬೇಗ ತಲೆ ಸುತ್ತುತ್ತೆ ಅಂತಲೂ ಹೇಳಿದ್ರು. ತಮ್ಮನ ಸೇತುವೆ ಅಪ್ಪನ್ನ ಯಾಕೆ ಹಿಡೀತು ಅನ್ನೋದು ಆಗ ಗೊತ್ತಾಯ್ತು. (ನೆನಪಿರಲಿ, ತಲೆ ಸುತ್ತೋಕೆ ನೂರು ಕಾರಣ ಇರ್ತವೆ. ಇದನ್ನ ಓದಿ ಮನೆಯಲ್ಲೇ ಕತ್ತು ತಿರುಗಿಸೋಕೆ ಹೋಗಬೇಡಿ, ಡಾಕ್ಟರ ಹತ್ರ ಹೋಗಿ.)

ಮೊದಲ ದಿನ ವಾಪಸ್ ಬರೋ ಬಸ್ಸಿನಲ್ಲಿ ಅಪ್ಪ ಕಿಟಕಿ ಪಕ್ಕ ಕೂತಿದ್ದ. ಡ್ರೈವರ್ ಯಾರೋ ಹೊಸ ಹುಡುಗ. ಗೇರ್ ಹಾಕಿದಾಗೆಲ್ಲ ಅಪ್ಪನ ಎಡಗಾಲು ಸಣ್ಣಗೆ ಕ್ಲಚ್ ಒತ್ತುತ್ತಿತ್ತು. ಬಹಳ ಹೊತ್ತು ಸುಮ್ಮನಿದ್ದು, "ಹದಿನೈದ ಮಿನಿಟ... ಇಷ್ಟಕ್ಕ ಮೂರ ವರ್ಷ ಸ್ಟೇರಿಂಗ್ ಬಿಟ್ಟು ಕುಂತೆ ನೋಡು" ಅಂದ. ನನಗೆ ಹೇಳೋಕೆ ಏನೂ ಇರಲಿಲ್ಲ. ಆ ಮೂರು ವರ್ಷವನ್ನ ಯಾವ ಡಾಕ್ಟರೂ ವಾಪಸ್ ಉರುಳಿಸೋಕೆ ಆಗಲ್ಲ. ನಾನು ಹದಿಮೂರನೇ ವಯಸ್ಸಿಗೇ ಮನೆಗೆ ಬಂದು "ಅಪ್ಪಾ, ನಂಗ ಗೇಮ್ ಆಡಿದ್ರ ಚಕ್ಕರ್ ಬರ್ತೈತಿ" ಅಂದಿದ್ರೆ, ಅವನೂ 2019ರಲ್ಲಿ "ನಂಗೂ ಬರ್ತೈತಿ" ಅಂತಿದ್ನೋ ಏನೋ. ಒಂದೇ ಸೂರಿನ ಕೆಳಗೆ ಇಬ್ಬರೂ ಚೌಕಟ್ಟು ಹಿಡ್ಕೊಂಡು ನಿಂತಿದ್ವಿ, ಒಬ್ಬರಿಗೊಬ್ಬರು ಕಾಣದಂಗೆ.

ಸಂಕ್ರಾಂತಿಗೆ ಮತ್ತೆ ಹೋಗಿದ್ದೆ. ಅಷ್ಟರಲ್ಲಿ ನಾನೂ ತಮ್ಮನೂ ದಿನಾ ರಾತ್ರಿ ಫೋನಿನಲ್ಲಿ ಕೂತು ಅವನ ಆಟ ತಿದ್ದಿದ್ವಿ. ಹೆಜ್ಜೆಗೆ ಕುಣಿಯೋ ಕ್ಯಾಮೆರಾ ತೆಗೆದ್ವಿ. ಮಸುಕು ಮಾಡೋ ಮೋಶನ್ ಬ್ಲರ್ ತೆಗೆದ್ವಿ. ಇಕ್ಕಟ್ಟಾಗಿದ್ದ ನೋಟದ ಕೋನವನ್ನ 60 ಡಿಗ್ರಿಯಿಂದ 90ಕ್ಕೆ ಏರಿಸಿದ್ವಿ. ಪರದೆ ನಡುವೆ ಅಲುಗಾಡದ ಒಂದು ಚುಕ್ಕಿ ಇಟ್ವಿ, ಕಣ್ಣಿಗೆ ಹಿಡ್ಕೊಳ್ಳೋಕೆ ಒಂದು ಗೂಟ. ಪರ್ಡ್ಯೂ ವಿಶ್ವವಿದ್ಯಾಲಯದವರು 2015ರಲ್ಲಿ ವಿಆರ್ ಆಟದಲ್ಲಿ ನಡುವೆ ಒಂದು ಮೂಗಿನ ಚಿತ್ರ ಇಟ್ಟು ನೋಡಿದ್ರೆ ತಲೆ ಸುತ್ತು ಕಡಿಮೆ ಆಯ್ತಂತೆ. ತಮ್ಮ "ಅಣ್ಣಾ, ನಿನ್ನ ಮೂಗ ಹಾಕೂಣೇನು, ದೊಡ್ಡದೈತಿ" ಅಂದ :) ಈಗ ನಾನು ರೂಮಿನ ಲೈಟ್ ಹಾಕಿ, ಪರದೆಯಿಂದ ದೂರ ಕೂತು ಆಡ್ತೀನಿ. ಮೊದಲನೇ ಆಕಳಿಕೆ ಬಂದ ತಕ್ಷಣ ನಿಲ್ಲಿಸ್ತೀನಿ, ಹಲ್ಲು ಕಚ್ಚಿ ಮುಂದುವರಿಸಲ್ಲ. ಇಪ್ಪತ್ತೈದು ನಿಮಿಷ ನಡೆಯುತ್ತೆ. ಎಲ್ಲರಿಗೂ ಇದೇ ಔಷಧಿ ಅಂತಲ್ಲ, ನನಗೆ ಹೊಂದಿತು.

ಸಂಕ್ರಾಂತಿ ದಿನ ಸಂಜೆ ಅಪ್ಪ ತಾನಾಗೇ ಬಂದು "ಸರೀರಿ ಅತ್ಲಾಗ, ಸ್ಟೇರಿಂಗ್ ನನ್ನ ಕಡೆ ಕೊಡ್ರಿ" ಅಂದ. ಒಂದು ಕೈಯಲ್ಲಿ ಮೌಸು, ಇನ್ನೊಂದರಲ್ಲಿ ಕೀಬೋರ್ಡು. ಗೋಕಾಕ ಫಾಲ್ಸಿನ ತೂಗುಸೇತುವೆ ಮೇಲೆ ಫಸ್ಟ್ ಗೇರಿನಲ್ಲಿ ಹೊರಟ. ಬಲಕ್ಕೆ ತಿರುಗೋಕೆ ಮುಂಚೆ ಅವನ ಇಡೀ ಮೈ ಬಲಕ್ಕೆ ವಾಲೋದು, ಎಡಕ್ಕಾದ್ರೆ ಎಡಕ್ಕೆ. ಏನು ಬರ್ತಿದೆ ಅಂತ ಮೊದಲೇ ಗೊತ್ತಿರೋದಕ್ಕೇ ಡ್ರೈವರಿಗೆ ಬಸ್ಸಿನಲ್ಲಿ ವಾಂತಿ ಬರಲ್ಲ, ಹಿಂದೆ ಕೂತವರಿಗೇ ಬರೋದು. ಬಾನೆಟ್ಟಿನ ಪವಾಡವೂ ಅದೇ ಆಗಿತ್ತು. ಪುಸ್ತಕ ಓದದೇ ಅಪ್ಪನಿಗೆ ಗೊತ್ತಿತ್ತು.

ಹತ್ತು ನಿಮಿಷಕ್ಕೆ ಆ ತುದಿ ಮುಟ್ಟಿದ. ಮುಖದಲ್ಲಿ ಒಂದು ಹನಿ ಬೆವರಿಲ್ಲ.

ಹಿಂದೆ ನಿಂತು ನೋಡ್ತಿದ್ದ ನನಗೆ ಮಾತ್ರ ಆಗಲೇ ಎರಡು ಆಕಳಿಕೆ ಬಂದಿತ್ತು. ಅಪ್ಪ ತಿರುಗಿಯೂ ನೋಡದೇ ಅಂದ:

"ಲೇ, ನನ್ನ ನೋಡಬ್ಯಾಡ. ರೋಡ್ ನೋಡು."

ಇಷ್ಟೇ ವಿಷಯ. ನಿಮ್ಮಲ್ಲೂ ಯಾರಿಗಾದ್ರೂ ಹೀಗಾಗುತ್ತಾ? ನಾಚಿಕೆ ಬಿಟ್ಟು ಹೇಳಿ, ನಾನಂತೂ ಹೇಳಿಬಿಟ್ಟೆ. ಮುಂದಿನ ಸಲ ಬರುವಾಗ ಗೋಕಾಕದ ಕರದಂಟು ತರ್ತೀನಿ :)